ಕಾರ್ಬೈಡ್‌ಗೆ ಸಲ್ಲದ ಕೀರ್ತಿ

‘ಕೆಂಪಗೆ ಕಾದ ಉಕ್ಕನ್ನು ನೀರಿಗೆ ಅದ್ದಿದರೆ ಯಾಕಪ್ಪಾ ಗಡುಸಾಗುತ್ತೆ?’

‘ಕಬ್ಬಿಣದ ಕಾರ್ಬೈಡ್ ಉಂಟಾಗುತ್ತೆ ಸಾರ್.’

ವೈವಾದಲ್ಲಿ ಈ ಉತ್ತರ ಕೇಳೀ ಕೇಳೀ ನನಗೆ ಬಾಯಿಪಾಠವಾಗಿದೆ. ಹುಡುಗರನ್ನು ಬೈದು ಫಲವಿಲ್ಲ, ಗೈಡಿನಲ್ಲೇ ಹಾಗೆ ಅಚ್ಚಾಗಿದೆ.

ಮೇಲ್ನೋಟಕ್ಕೆ ತರ್ಕ ಸರಿಯೇ. ಸಿಮೆಂಟೈಟ್, ಅಂದರೆ ಮೂರು ಕಬ್ಬಿಣಕ್ಕೊಂದು ಕಾರ್ಬನ್ ಸೇರಿದ ಈ ಕಾರ್ಬೈಡ್, ಬಲು ಗಡುಸು, ಗಾಜಿನಂತೆ ಪೆಡಸು. ಗಡುಸು ಉಕ್ಕಿನೊಳಗೆ ಗಡುಸು ಪದಾರ್ಥವೇ ಇರಬೇಕಲ್ಲ! ಆದರೆ ಶೇ 0.8 ಕಾರ್ಬನ್ ಇರುವ ಒಂದು ಉಕ್ಕಿನ ಕಡ್ಡಿಯನ್ನು ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು ನಿಧಾನಕ್ಕೆ ಆರಿಸಿ ನೋಡಿ. ಅದರ ತೂಕದಲ್ಲಿ ಸುಮಾರು ಶೇ 12 ಸಿಮೆಂಟೈಟ್. ಉಜ್ಜಿ, ಆಮ್ಲ ಸವರಿ ಮೈಕ್ರೋಸ್ಕೋಪಿನಡಿ ಇಟ್ಟರೆ ಚಿರೋಟಿಯ ಎಳೆಗಳಂತೆ ಮೆದು ಕಬ್ಬಿಣದ ಒಂದು ಪದರ, ಸಿಮೆಂಟೈಟಿನ ಒಂದು ಪದರ. ಇದೇ ಪರ್ಲೈಟ್. ಅರ ಹಾಕಿದರೆ ಸಲೀಸಾಗಿ ತಿನ್ನುತ್ತದೆ. ಅದೇ ಕಡ್ಡಿಯನ್ನು ಮತ್ತೆ ಕಾಯಿಸಿ ನೀರಿಗೆ ಅದ್ದಿ. ಅರ ಜಾರುತ್ತದೆ, ಗಡಸುತನ ಮೂರು ಪಟ್ಟು ಏರಿರುತ್ತದೆ. ಸಿಮೆಂಟೈಟ್ ಎಷ್ಟಿದೆ? ಹುಡುಕಿದರೂ ಸಿಗುವುದಿಲ್ಲ.

ನಡೆದದ್ದಿಷ್ಟು: 727 ಡಿಗ್ರಿ ದಾಟಿದ ಕಬ್ಬಿಣದಲ್ಲಿ ಕಾರ್ಬನ್‌ಗೆ ಜಾಗ ಧಾರಾಳ, ಹಾಲಲ್ಲಿ ಸಕ್ಕರೆಯಂತೆ ಕರಗಿರುತ್ತದೆ. ಆರುವಾಗ ಕಬ್ಬಿಣ ತನ್ನ ಜೋಡಣೆ ಬದಲಿಸುತ್ತದೆ, ಜಾಗ ಇಲ್ಲವಾಗುತ್ತದೆ. ಸಾವಕಾಶ ಸಿಕ್ಕರೆ ಕಾರ್ಬನ್ ಸರಿದು ಹೋಗಿ ಸಿಮೆಂಟೈಟ್ ಕಟ್ಟುತ್ತದೆ. ನೀರಿಗದ್ದಿದರೆ ಸಾವಕಾಶ ಎಲ್ಲಿ? ಇಳಿಯುವವರು ಬಾಗಿಲಿಗೆ ಬರುವ ಮೊದಲೇ ಕಂಡಕ್ಟರ್ ‘ರೈಟ್ ರೈಟ್’ ಅಂದುಬಿಟ್ಟಂತೆ. ಸಿಕ್ಕಿಬಿದ್ದ ಕಾರ್ಬನ್ ಕಬ್ಬಿಣದ ಜಾಲರಿಯನ್ನೇ ಎಳೆದು ಸೊಟ್ಟಗೆ ಮಾಡುತ್ತದೆ. ಗಡಸುತನ ಆ ಬಿಗಿತದ್ದು. ಜರ್ಮನಿಯ ಅಡಾಲ್ಫ್ ಮಾರ್ಟೆನ್ಸ್ ಹೆಸರಿನಲ್ಲಿ ಇದನ್ನು ಮಾರ್ಟೆನ್ಸೈಟ್ ಎನ್ನುತ್ತೇವೆ.

ಕುಲುಮೆಯವರಿಗೆ ಮುಂದಿನ ಕೆಲಸ ಗೊತ್ತು. ಅದ್ದಿದ ಉಳಿಯ ತುದಿಯನ್ನು ಸಾಣೆಗೆ ಕೊಟ್ಟು ಬೆಳ್ಳಗೆ ಮಾಡಿ, ಮತ್ತೆ ಹದವಾಗಿ ಬಿಸಿ ಮಾಡುತ್ತಾರೆ. ಒಣಹುಲ್ಲಿನ ಬಣ್ಣ ಮೆಲ್ಲಗೆ ತೆವಳುತ್ತಾ ಅಲಗಿಗೆ ಬಂದ ಗಳಿಗೆ, ಮತ್ತೆ ನೀರಿಗೆ. ಸಿಕ್ಕಿಬಿದ್ದಿದ್ದ ಕಾರ್ಬನ್ ಕಾರ್ಬೈಡಿನ ಅತಿಸಣ್ಣ ಕಣಗಳಾಗಿ ಹೊರಬರತೊಡಗುವುದು ಈ ಹೊತ್ತಿಗೆ. ಆಗ ಗಡಸುತನ ಇಳಿಯುತ್ತದೆ, ಏರುವುದಿಲ್ಲ!

ಉಳಿದ ತಪ್ಪು ಕಲ್ಪನೆಗಳನ್ನು ಬೇಗ ಮುಗಿಸುತ್ತೇನೆ. ಮಾವಿನಕಾಯಿ ಹಣ್ಣು ಮಾಡಲು ಕದ್ದು ಬಳಸುವ ಕಾರ್ಬೈಡ್ ಕ್ಯಾಲ್ಸಿಯಂನದು, ಉಕ್ಕಿಗೂ ಅದಕ್ಕೂ ನಂಟಿಲ್ಲ. ಕಾರ್ಬನ್ ಹೆಚ್ಚಾದಷ್ಟೂ ಉಕ್ಕು ಬಲ ಎಂಬುದೂ ಸುಳ್ಳು. ಮಿತಿಮೀರಿದರೆ ಸಿಮೆಂಟೈಟ್ ಹರಳುಗಳ ಅಂಚಿನಲ್ಲಿ ಬಲೆ ಹೆಣೆಯುತ್ತದೆ, ಬಿರುಕು ಅದೇ ದಾರಿ ಹಿಡಿಯುತ್ತದೆ.

ಇನ್ನು ಡಮಾಸ್ಕಸ್ ಕತ್ತಿಯ ವಾಟ್ಸ್ಆ್ಯಪ್ ಪುರಾಣ. 2006ರಲ್ಲಿ ಜರ್ಮನಿಯ ತಂಡವೊಂದು ಅಂಥ ಒಂದು ಕತ್ತಿಯಲ್ಲಿ ನ್ಯಾನೊಕೊಳವೆ ಕಂಡೆವೆಂದು ಬರೆದದ್ದೇ ತಡ, ನಮ್ಮ ಪೂರ್ವಜರೆಲ್ಲ ನ್ಯಾನೊ ವಿಜ್ಞಾನಿಗಳಾದರು. ಆ ಕತ್ತಿಗಳ ಮೇಲೆ ಕಣ್ಣಿಗೆ ಕಾಣುವ ಅಲೆ ಸಿಮೆಂಟೈಟ್ ಕಣಗಳ ಸಾಲು. ಕಾರ್ಬೈಡ್‌ಗೆ ಕೀರ್ತಿ ಸಲ್ಲಬೇಕಾದ ಜಾಗ ಅದು. ಆ ಕತ್ತಿಗಳ ಉಕ್ಕನ್ನು ಮೂಸೆಯಲ್ಲಿ ಕಾಯಿಸಿದ ದಕ್ಷಿಣ ಭಾರತದ ಕಮ್ಮಾರರ ಕಣ್ಣಳತೆಯೇ ಸಾಕಷ್ಟು ದೊಡ್ಡದು, ಅದಕ್ಕೆ ನ್ಯಾನೊ ಸರ್ಟಿಫಿಕೇಟ್ ಯಾಕೆ? ಆದರೆ ಫಾರ್ವರ್ಡ್ ಮಾಡುವವರಿಗೂ ಗೈಡ್ ಉರು ಹೊಡೆಯುವವರಿಗೂ ಕುಲುಮೆಯ ಮುಂದೆ ಹತ್ತು ನಿಮಿಷ ನಿಲ್ಲುವ ಪುರುಸೊತ್ತಿಲ್ಲ.

ಗೈಡ್ ಬರೆಯುವವರಲ್ಲಿ ಒಂದೇ ವಿನಂತಿ: ಮುಂದಿನ ಮುದ್ರಣದಲ್ಲಿ ‘ಕಾರ್ಬೈಡ್ ಉಂಟಾಗುತ್ತದೆ’ ಎಂಬಲ್ಲಿ ‘ಕಾರ್ಬೈಡ್ ಉಂಟಾಗಲು ಬಿಡುವುದಿಲ್ಲ’ ಎಂದು ತಿದ್ದಿ.