ಎರೆಮಣ್ಣಿನಡಿಯ ಒಳಚರಂಡಿ

ಪ್ರಶ್ನೆ: ಕಲಬುರಗಿಯ ಸೇಡಂ ರಸ್ತೆಯ ಕಡೆಯ ಮನೆಯೊಂದರ ಒಳಚರಂಡಿ ಮೇಲಿಂದ ಮೇಲೆ ಕಟ್ಟಿಕೊಂಡರೆ, ನೆಲ ಅಗೆಯದೆ ದೋಷದ ಜಾಗವನ್ನು ಗುರುತಿಸಬಹುದೆ?

ಉತ್ತರ: ಬಹುಮಟ್ಟಿಗೆ ಗುರುತಿಸಬಹುದು. ಒಂದೇ ಬಚ್ಚಲು ಕಟ್ಟಿಕೊಂಡಿದ್ದರೆ ದೋಷ ಆ ಕವಲಿನದು. ಎಲ್ಲ ಕಡೆಯೂ ನೀರು ನಿಂತು, ಕೆಳಮಹಡಿಯ ಶೌಚಾಲಯದಲ್ಲಿ ಉಕ್ಕುತ್ತಿದ್ದರೆ ದೋಷ ಮುಖ್ಯ ಕೊಳವೆಯದು. ಆಗ ಅಂಗಳದ ಚೇಂಬರಿನ, ಎಂದರೆ ಕೊಳವೆಗಳು ಕೂಡುವಲ್ಲಿ ಕಟ್ಟಿದ ತಪಾಸಣೆಯ ಗುಂಡಿಯ, ಮುಚ್ಚಳ ತೆಗೆದು ನೋಡಬೇಕು: ಅದು ಬರಿದಾಗಿದ್ದರೆ ತಡೆ ಮನೆಯ ಕಡೆಗಿದೆ, ತುಂಬಿದ್ದರೆ ಬೀದಿಯ ಕಡೆಗಿದೆ.

ಕಲಬುರಗಿ ಸೀಮೆಯ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ, ಗಟ್ಟಿಯಾದ ಹಾಸಿಲ್ಲದೆ ಹೂತ ಕೊಳವೆಯ ಕೀಲುಗಳು ಸರಿಯುತ್ತವೆ, ಇಳಿಜಾರು ಕೆಡುತ್ತದೆ, ತೇವವನ್ನರಸಿ ಮರದ ಬೇರುಗಳು ಬಿರುಕಿನೊಳಗೆ ನುಗ್ಗುತ್ತವೆ. ಇಂಥ ಕೊಳವೆಗೆ ಆಸಿಡ್ ಸುರಿಯುವುದು ವ್ಯರ್ಥ, ಅಪಾಯಕರವೂ ಹೌದು. ಸರಳು ಆಡಿಸಿದರೆ ನೀರಿಗೆ ದಾರಿಯಾದೀತು, ಆದರೆ ಸರಿದ ಕೀಲು ಕೂಡದು. ಮೇಲಿನ ಶಹಾಬಾದ್ ಪರಸಿಯನ್ನು ಎಬ್ಬಿಸಿ, ಕೆಟ್ಟ ತುಂಡನ್ನು ತೆಗೆದು, ಚೆನ್ನಾಗಿ ಒತ್ತಿದ ಹಾಸಿನ ಮೇಲೆ 110 ಮಿ.ಮೀ. ಪಿವಿಸಿ ಕೊಳವೆಯನ್ನು ಸುಮಾರು 60 ಅಡಿಗೆ 1 ಅಡಿ ಇಳಿಜಾರಿನಲ್ಲಿ ಕೂಡಿಸುವುದೇ ನಿಜವಾದ ದುರಸ್ತಿ.

ಬೀದಿಯ ಚೇಂಬರೂ ತುಂಬಿದ್ದರೆ ಮಹಾನಗರ ಪಾಲಿಕೆಗೆ ತಿಳಿಸಿ ಯಂತ್ರವನ್ನೇ ಕರೆಸಬೇಕು. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಒಳಚರಂಡಿಗೆ ಇಳಿಸುವುದು ಕೈಯಿಂದ ಮಲ ಬಾಚಿಸುವುದನ್ನು ನಿಷೇಧಿಸುವ 2013ರ ಕಾಯ್ದೆಯಡಿ ಶಿಕ್ಷಾರ್ಹ ಅಪರಾಧ.