ಸರದಿ ಕೆಲಸಗಳು ಮತ್ತು ಗಣಕದ ‘ವರ್ಕರ್’: ಉದ್ಯಮಿಗಳು ಅರಿತಿರಬೇಕಾದ ಸಂಗತಿಗಳು

ಮಾರಾಟದ ಬಿಲ್ಲನ್ನು ಗಣಕದಲ್ಲಿ ನಮೂದಿಸಿದೊಡನೆ ಹಲವು ಕೆಲಸಗಳು ನಡೆಯಬೇಕಾಗುತ್ತವೆ. ಇ-ಇನ್‌ವಾಯ್ಸ್ ಪೋರ್ಟಲ್‌ನಿಂದ ಐಆರ್‌ಎನ್ ಪಡೆಯುವುದು, ಖರೀದಿದಾರರಿಗೆ ಇ-ಮೇಲ್ ಕಳುಹಿಸುವುದು, ದಾಸ್ತಾನಿನ ಲೆಕ್ಕ ತಗ್ಗಿಸುವುದು ಇವುಗಳಲ್ಲಿ ಮುಖ್ಯವಾದವು. ಪ್ರತಿಯೊಂದೂ ಮುಗಿಯುವವರೆಗೆ ಗುಮಾಸ್ತರು ಕಾಯುವಂತಾದರೆ ವ್ಯವಹಾರ ಕುಂಠಿತವಾಗುತ್ತದೆ. ಆದ್ದರಿಂದ ತಂತ್ರಾಂಶವು ಅವನ್ನು ‘ಕ್ಯೂ’ ಎಂಬ ಸರದಿಗೆ ಸೇರಿಸುತ್ತದೆ. ಸರದಿಯಿಂದ ಒಂದೊಂದನ್ನೇ ಎತ್ತಿಕೊಂಡು ನಿರ್ವಹಿಸುವ ಹಿನ್ನೆಲೆಯ ಪ್ರೋಗ್ರಾಮಿಗೆ ‘ವರ್ಕರ್’ ಎಂದು ಹೆಸರು.

ವರ್ಕರ್ ನಿಂತುಹೋದರೆ ಪರದೆಯ ಮೇಲೆ ಯಾವ ದೋಷವೂ ಕಾಣದಿರಬಹುದು. ಸರದಿ ಮಾತ್ರ ಬೆಳೆಯುತ್ತಿರುತ್ತದೆ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ಉದ್ಯಮಗಳು ನೋಂದಾಯಿತ ವರ್ತಕರಿಗೆ ಮಾಡುವ ಮಾರಾಟಕ್ಕೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಗಿದೆ. ಐಆರ್‌ಎನ್ ಬಾರದ ಬಿಲ್ಲನ್ನು ನಿಯಮವು ಬಿಲ್ಲೆಂದೇ ಪರಿಗಣಿಸುವುದಿಲ್ಲ. ಹೀಗಾಗಿ ಲಾರಿಗೆ ಸರಕು ತುಂಬಿದ್ದರೂ ಅದು ಹೊರಡುವಂತಿಲ್ಲ.

ಪಿಎಚ್‌ಪಿ ಭಾಷೆಯ ಲಾರಾವೆಲ್ ಚೌಕಟ್ಟನ್ನು ಉದಾಹರಣೆಯಾಗಿ ನೋಡಬಹುದು. ಇದರಲ್ಲಿ ಕಮಾಂಡ್ ಲೈನ್‌ನಿಂದ ‘ಕ್ಯೂ:ವರ್ಕ್’ ಆದೇಶ ನೀಡಿದಾಗ ವರ್ಕರ್ ಆರಂಭಗೊಳ್ಳುತ್ತದೆ. ‘ಟ್ರೈಸ್’ ಆಯ್ಕೆಯು ವಿಫಲವಾದ ಕೆಲಸವನ್ನು ಒಟ್ಟು ಎಷ್ಟು ಬಾರಿ ಪ್ರಯತ್ನಿಸಬೇಕೆಂಬುದನ್ನು ನಿರ್ಧರಿಸುತ್ತದೆ. ‘ಕ್ಯೂ’ ಆಯ್ಕೆಯ ಮೂಲಕ ಐಆರ್‌ಎನ್ ಕೆಲಸಗಳಿಗೆ ಮೊದಲ ಆದ್ಯತೆ, ಪ್ರಚಾರದ ಇ-ಮೇಲ್‌ಗಳಿಗೆ ನಂತರದ ಸ್ಥಾನ ನೀಡಬಹುದು.

ಕಾಲಮಿತಿಯ ವಿಷಯದಲ್ಲಿ ಎಚ್ಚರ ಅಗತ್ಯ. ‘ಟೈಮ್‌ಔಟ್’ ಸಾಮಾನ್ಯವಾಗಿ 60 ಸೆಕೆಂಡು. ಕೆಲಸವನ್ನು ಮತ್ತೆ ಸರದಿಗೆ ಬಿಡುವ ‘ರೀಟ್ರೈ ಆಫ್ಟರ್’ 90 ಸೆಕೆಂಡು. ಮೊದಲನೆಯದು ಎರಡನೆಯದಕ್ಕಿಂತ ಕಡಿಮೆಯಿರಲೇಬೇಕು. ಇಲ್ಲವಾದರೆ ಒಂದೇ ಕೆಲಸ ಎರಡು ಬಾರಿ ನಡೆದು, ದಾಸ್ತಾನು ಎರಡು ಬಾರಿ ಕಡಿತಗೊಳ್ಳುವ ಸಂಭವವಿದೆ.

ಆದೇಶ ನೀಡಿದ ಕಿಟಕಿಯನ್ನು ಮುಚ್ಚಿದರೆ ವರ್ಕರ್ ಕೂಡ ನಿಲ್ಲಬಹುದು. ಆದಕಾರಣ ಲಿನಕ್ಸ್ ಸರ್ವರ್‌ಗಳಲ್ಲಿ ‘ಸೂಪರ್‌ವೈಸರ್’ ಎಂಬ ಪ್ರೋಗ್ರಾಮಿಗೆ ಅದರ ಮೇಲ್ವಿಚಾರಣೆಯನ್ನು ಒಪ್ಪಿಸುವುದು ರೂಢಿ. ವರ್ಕರ್ ನಿಂತರೆ ಅದು ಪುನಃ ಆರಂಭಿಸುತ್ತದೆ. ಇನ್ನೊಂದು ಸಂಗತಿಯೆಂದರೆ, ಚಾಲನೆಯಲ್ಲಿರುವ ವರ್ಕರ್ ಹಳೆಯ ಪ್ರೋಗ್ರಾಮನ್ನೇ ಸ್ಮೃತಿಯಲ್ಲಿ ಉಳಿಸಿಕೊಂಡಿರುತ್ತದೆ. ತೆರಿಗೆ ದರ ಬದಲಾಗಿ ತಂತ್ರಾಂಶವನ್ನು ತಿದ್ದಿದ ಬಳಿಕ ‘ಕ್ಯೂ:ರೀಸ್ಟಾರ್ಟ್’ ಆದೇಶ ನೀಡದಿದ್ದಲ್ಲಿ ಹಿನ್ನೆಲೆಯ ಕೆಲಸಗಳಲ್ಲಿ ಹಳೆಯ ಲೆಕ್ಕವೇ ಮುಂದುವರಿಯಬಹುದು. ಈ ಆದೇಶ ಪಡೆದ ವರ್ಕರ್ ಕೈಯಲ್ಲಿರುವ ಕೆಲಸ ಮುಗಿಸಿ ನಿಲ್ಲುತ್ತದೆ. ಸೂಪರ್‌ವೈಸರ್ ಅದನ್ನು ಹೊಸದಾಗಿ ಆರಂಭಿಸುತ್ತದೆ.

ಎಲ್ಲ ಪ್ರಯತ್ನಗಳಲ್ಲೂ ವಿಫಲವಾದ ಕೆಲಸಗಳ ಪಟ್ಟಿಯನ್ನು ‘ಕ್ಯೂ:ಫೇಲ್ಡ್’ ತೋರಿಸುತ್ತದೆ. ‘ಕ್ಯೂ:ರೀಟ್ರೈ’ ಅವನ್ನು ಮತ್ತೆ ಸರದಿಗೆ ಕಳುಹಿಸುತ್ತದೆ. ತಂತ್ರಾಂಶ ಪೂರೈಕೆದಾರರೊಡನೆ ನಿರ್ವಹಣಾ ಒಪ್ಪಂದ ಮಾಡಿಕೊಳ್ಳುವಾಗ, ಈ ಪಟ್ಟಿಯನ್ನು ಪ್ರತಿದಿನ ಪರಿಶೀಲಿಸುವ ಹೊಣೆ ಯಾರದೆಂಬುದನ್ನು ಬರಹದಲ್ಲಿ ನಮೂದಿಸಿಕೊಳ್ಳುವುದು ಒಳಿತು.