ಒಂದೇ ಹಳಿ, ಎರಡು ರೈಲು, ಯಾರೂ ಓದದ ಬಿಲ್ಲೆ

ಎರಡು ಊರುಗಳ ನಡುವೆ ಇರುವುದು ಒಂದೇ ಜೋಡಿ ಹಳಿ. ಆ ಊರಿನಿಂದ ಒಂದು ರೈಲು ಈ ಕಡೆ ಬರಬೇಕು, ಈ ಊರಿನಿಂದ ಇನ್ನೊಂದು ರೈಲು ಆ ಕಡೆ ಹೋಗಬೇಕು. ಬಸ್ಸುಗಳಾದರೆ ಪಕ್ಕಕ್ಕೆ ಸರಿದು ದಾರಿ ಬಿಟ್ಟುಕೊಡಬಹುದು. ರೈಲು ಸರಿಯುವುದೆಲ್ಲಿಗೆ? ಹಾಗಾದರೆ ಎದುರಿನಿಂದ ಇನ್ನೊಂದು ರೈಲು ಬರುತ್ತಿಲ್ಲವೆಂದು ಡ್ರೈವರ್‌ಗೆ ಗೊತ್ತಾಗುವುದು ಹೇಗೆ?

ನಾನು ರೈಲಿನ ಬಗ್ಗೆ ಮಾತನಾಡಲು ಶಾಲೆಗಳಿಗೆ ಹೋದಾಗಲೆಲ್ಲ ಮಕ್ಕಳು ತಪ್ಪದೆ ಕೇಳುವ ಪ್ರಶ್ನೆ ಇದು. ಒಂದೇ ಮಾತಿನಲ್ಲಿ ಉತ್ತರ ಹೇಳಿಬಿಡಬಹುದು. ಆದರೆ ಆ ಉತ್ತರ ಸಿಗಲು ಎಷ್ಟು ಜೀವಗಳು ಹೋದವು ಎಂಬುದು ದೊಡ್ಡ ಕಥೆ. ಇಂದು ಅದನ್ನೇ ಹೇಳುತ್ತೇನೆ.

ಮೊದಲು 1874ಕ್ಕೆ ಹೋಗೋಣ. ಇಂಗ್ಲೆಂಡಿನ ನಾರ್ವಿಚ್ ನಗರದ ಹತ್ತಿರ ಥಾರ್ಪ್ ಎಂಬ ಊರಿದೆ. ಅಲ್ಲಿನ ಒಂಟಿ ಹಳಿಯ ಮೇಲೆ ಯಾವ ರೈಲು ಮೊದಲು ಹೋಗಬೇಕು ಎಂಬುದನ್ನು ಸ್ಟೇಷನ್ನುಗಳವರು ತಂತಿ ಸಂದೇಶ ಕಳಿಸಿ ತೀರ್ಮಾನಿಸುತ್ತಿದ್ದರು. ಅಧಿಕಾರಿಯ ಸಹಿ ಇಲ್ಲದೆ ಅಂಥ ಸಂದೇಶ ಕಳಿಸಬಾರದು ಎಂಬುದು ನಿಯಮ. ಸೆಪ್ಟೆಂಬರ್ 10ರ ರಾತ್ರಿ, ಆ ಕಡೆಯ ರೈಲು ಬರಲಿ ಎಂಬ ಸಂದೇಶ ಸಹಿ ಇಲ್ಲದೆಯೇ ಹೊರಟುಹೋಯಿತು. ಅದು ಹೋಗಿದೆಯೆಂದು ತಿಳಿಯದ ಅಧಿಕಾರಿ, ಈ ಕಡೆಯ ರೈಲನ್ನೂ ಬಿಟ್ಟುಬಿಟ್ಟರು. ಎರಡೂ ರೈಲುಗಳು ಮುಖಾಮುಖಿ ಡಿಕ್ಕಿ ಹೊಡೆದವು. 25 ಜನ ತೀರಿಕೊಂಡರು.

ಮನುಷ್ಯನ ಮಾತನ್ನಷ್ಟೇ ನಂಬಿದರೆ ಸಾಲದು ಎಂದು ಎಲ್ಲರಿಗೂ ಅರಿವಾಯಿತು. ಎಡ್ವರ್ಡ್ ಟೈಯರ್ ಎಂಬ ತಂತ್ರಜ್ಞ ಕೆಲವೇ ವರ್ಷಗಳಲ್ಲಿ ಒಂದು ಯಂತ್ರ ರೂಪಿಸಿದ. ಅದರ ಹೆಸರು ಟ್ಯಾಬ್ಲೆಟ್ ಯಂತ್ರ. ನಾವು ನುಂಗುವ ಮಾತ್ರೆಯೂ ಅಲ್ಲ, ನೀವು ಆಟವಾಡುವ ಟ್ಯಾಬ್ಲೆಟ್ಟೂ ಅಲ್ಲ! ಇಲ್ಲಿ ಟ್ಯಾಬ್ಲೆಟ್ ಎಂದರೆ ಲೋಹದ ದುಂಡನೆಯ ಬಿಲ್ಲೆ. ಒಂಟಿ ಹಳಿಯ ಎರಡು ತುದಿಯ ಸ್ಟೇಷನ್ನುಗಳಲ್ಲೂ ಒಂದೊಂದು ಯಂತ್ರ ಇರುತ್ತದೆ. ಎರಡಕ್ಕೂ ವಿದ್ಯುತ್ ತಂತಿಯ ಸಂಪರ್ಕ. ಎರಡೂ ಕಡೆಯವರು ಒಪ್ಪಿದರೆ ಮಾತ್ರ ಒಂದು ಬಿಲ್ಲೆ ಹೊರಬರುತ್ತದೆ. ಅದು ಹೊರಗಿರುವಷ್ಟು ಹೊತ್ತು ಯಾವ ಯಂತ್ರದಿಂದಲೂ ಎರಡನೆಯ ಬಿಲ್ಲೆ ಬರುವುದಿಲ್ಲ. ಬಿಲ್ಲೆ ಕೈಗೆ ಬರದೆ ಡ್ರೈವರ್ ಆ ಹಳಿಗೆ ಇಳಿಯುವಂತಿಲ್ಲ. ಬಿಲ್ಲೆ ಇರುವುದು ಒಂದು ರೈಲಿನಲ್ಲಿ, ಆದ್ದರಿಂದ ಹಳಿಯ ಮೇಲೂ ಒಂದೇ ರೈಲು. ಎಷ್ಟು ಸರಳ ಉಪಾಯ!

ನಮ್ಮ ದೇಶದ ಒಂಟಿ ಹಳಿಗಳಲ್ಲೂ ಇದೇ ತತ್ವದ ನೀಲ್ಸ್ ಬಾಲ್ ಟೋಕನ್ ಯಂತ್ರಗಳು ದಶಕಗಳ ಕಾಲ ದುಡಿದಿವೆ. ಇಲ್ಲಿ ಬಿಲ್ಲೆಯ ಬದಲು ಉಕ್ಕಿನ ಚೆಂಡು. ನನ್ನ ಸೋದರಮಾವ ಮಲೆನಾಡಿನ ಒಂದು ಸಣ್ಣ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದರು. ಬೇಸಿಗೆ ರಜೆಗೆ ಹೋದಾಗ ಅವರ ಹಿಂದೆಯೇ ಸುತ್ತುತ್ತಿದ್ದೆ. ಚೆಂಡನ್ನು ಚರ್ಮದ ಚೀಲಕ್ಕೆ ಹಾಕಿ, ದೊಡ್ಡ ಬಳೆಯಂಥ ಬೆತ್ತದ ರಿಂಗಿಗೆ ಕಟ್ಟಿ ಅವರು ಪ್ಲಾಟ್‌ಫಾರಂ ತುದಿಯಲ್ಲಿ ನಿಲ್ಲುತ್ತಿದ್ದರು. ಓಡುವ ರೈಲಿನ ಡ್ರೈವರ್ ತೋಳು ಚಾಚಿ ಆ ರಿಂಗನ್ನು ಸರಕ್ಕನೆ ಎಳೆದುಕೊಳ್ಳುವುದನ್ನು ನೋಡುವುದೇ ನನಗೊಂದು ಹಬ್ಬ. ಆದರೆ ಚೀಲಕ್ಕೆ ಹಾಕುವ ಮೊದಲು ಮಾವ ಚೆಂಡನ್ನು ತಿರುಗಿಸಿ, ಅದರ ಮೇಲೆ ಕೆತ್ತಿದ ಅಕ್ಷರಗಳನ್ನು ಗಟ್ಟಿಯಾಗಿ ಓದುತ್ತಿದ್ದರು. “ದಿನಾ ಅದೇ ಚೆಂಡು ತಾನೇ ಮಾವಾ, ಓದೋದು ಯಾಕೆ?” ಎಂದೆ. “ದಿನಾ ಅದೇ ಅಂತ ಅನ್ನಿಸುತ್ತಲ್ಲ, ಅದಕ್ಕೇ ಓದಬೇಕು ಕಣೋ” ಎಂದರು.

ಆ ಮಾತಿನ ತೂಕ ನನಗೆ ಗೊತ್ತಾದದ್ದು ಬಹಳ ವರ್ಷಗಳ ನಂತರ, ಆಬರ್‌ಮ್ಯೂಲ್ ಅಪಘಾತದ ಬಗ್ಗೆ ಓದಿದಾಗ.

ಆಬರ್‌ಮ್ಯೂಲ್ ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಪುಟ್ಟ ಹಳ್ಳಿ. ಕೇಂಬ್ರಿಯನ್ ರೈಲ್ವೇಸ್ ಎಂಬ ಕಂಪನಿಯ ಒಂಟಿ ಹಳಿ ಅಲ್ಲಿ ಹಾದುಹೋಗುತ್ತಿತ್ತು. ಪೂರ್ವಕ್ಕೆ ಮಾಂಟ್‌ಗೊಮೆರಿ ಸ್ಟೇಷನ್, ಪಶ್ಚಿಮಕ್ಕೆ ನ್ಯೂಟೌನ್. ಎರಡು ರೈಲುಗಳು ದಾಟಿಕೊಳ್ಳಲು ಆಬರ್‌ಮ್ಯೂಲ್‌ನಲ್ಲಿ ಜೋಡಿ ಹಳಿ ಇತ್ತು. 1921ರ ಜನವರಿ 26ರಂದು, ಮಧ್ಯಾಹ್ನದ ಹೊತ್ತಿಗೆ, ಪೂರ್ವದಿಂದ ಬರುವ ಪ್ಯಾಸೆಂಜರ್ ರೈಲು ಅಲ್ಲಿ ಕಾಯಬೇಕಿತ್ತು. ಪಶ್ಚಿಮದಿಂದ ಬರುವ ಎಕ್ಸ್‌ಪ್ರೆಸ್ ದಾಟಿದ ಮೇಲೆ ಅದು ಮುಂದೆ ಹೊರಡಬೇಕಿತ್ತು.

ಅಂದು ಸ್ಟೇಷನ್ನಿನಲ್ಲಿ ಇದ್ದವರು ನಾಲ್ವರು. ಕಾಯಂ ಸ್ಟೇಷನ್ ಮಾಸ್ಟರ್ ರಜೆಯಲ್ಲಿದ್ದರು, ಅವರ ಬದಲಿಗೆ ಬಂದವರೊಬ್ಬರು, ಒಬ್ಬ ಸಿಗ್ನಲ್‌ಮನ್, 17 ವರ್ಷದ ಪೋರ್ಟರ್ ಹುಡುಗ ಮತ್ತು ಟಿಕೆಟ್ ಕೆಲಸದ 15 ವರ್ಷದ ಹುಡುಗ. ಟ್ಯಾಬ್ಲೆಟ್ ಯಂತ್ರವನ್ನು ಸ್ಟೇಷನ್ ಮಾಸ್ಟರ್ ಮತ್ತು ಸಿಗ್ನಲ್‌ಮನ್ ಮಾತ್ರ ಮುಟ್ಟಬೇಕು ಎಂದು ನಿಯಮವಿತ್ತು. ಆದರೆ ಯಂತ್ರ ಇದ್ದದ್ದು ಸಿಗ್ನಲ್ ಕೋಣೆಯಲ್ಲಲ್ಲ, ಸ್ಟೇಷನ್ ಕಟ್ಟಡದಲ್ಲಿ. ಹೀಗಾಗಿ ಹತ್ತಿರದಲ್ಲಿ ಯಾರಿದ್ದರೋ ಅವರೇ ಅದನ್ನು ನಡೆಸುವ ರೂಢಿ ಬೆಳೆದಿತ್ತು.

ಮಾಂಟ್‌ಗೊಮೆರಿಯಿಂದ ಪ್ಯಾಸೆಂಜರ್ ಬರಲು ಸಿಗ್ನಲ್‌ಮನ್ ಒಪ್ಪಿಗೆ ಕೊಟ್ಟು ತನ್ನ ಕೋಣೆಗೆ ಹೋದ. ಸ್ವಲ್ಪ ಹೊತ್ತಿಗೆ ನ್ಯೂಟೌನಿನವರು ಎಕ್ಸ್‌ಪ್ರೆಸ್ ಕಳಿಸಲೇ ಎಂದು ಕೇಳಿದರು. 17ರ ಹುಡುಗ ಒಪ್ಪಿಗೆ ಒತ್ತಿದ. ಅಲ್ಲಿ ಬಿಲ್ಲೆ ಹೊರಬಂತು, ಎಕ್ಸ್‌ಪ್ರೆಸ್ ಹೊರಟಿತು. ಇಲ್ಲಿಯವರೆಗೆ ಅಪಾಯವೇನೂ ಇರಲಿಲ್ಲ. ಆದರೆ ಎಕ್ಸ್‌ಪ್ರೆಸ್‌ಗೆ ಒಪ್ಪಿಗೆ ಹೋಗಿದೆ ಎಂಬ ಸುದ್ದಿ ಸ್ಟೇಷನ್ ಮಾಸ್ಟರರ ಕಿವಿಗೆ ಬೀಳಲಿಲ್ಲ. ಅವರು ಊಟ ಮುಗಿಸಿ ಆಗತಾನೇ ಮರಳಿದ್ದರು.

ಅಷ್ಟರಲ್ಲಿ ಪ್ಯಾಸೆಂಜರ್ ಬಂದು ನಿಂತಿತು. 15ರ ಹುಡುಗ ಡ್ರೈವರ್‌ನಿಂದ ಮಾಂಟ್‌ಗೊಮೆರಿಯ ಬಿಲ್ಲೆ ಪಡೆದುಕೊಂಡ. ಅದನ್ನು ಯಂತ್ರಕ್ಕೆ ಹಾಕಲು ಹೋಗುವ ದಾರಿಯಲ್ಲಿ ಸ್ಟೇಷನ್ ಮಾಸ್ಟರ್ ಎದುರಾದರು. ತಾನು ಟಿಕೆಟ್ ಸಂಗ್ರಹಿಸಬೇಕು ಎಂದು ಹೇಳಿ ಬಿಲ್ಲೆಯನ್ನು ಅವರ ಕೈಗಿಟ್ಟು ಹೊರಟ.

ಎಕ್ಸ್‌ಪ್ರೆಸ್ ತಡವಾದ ದಿನ ಪ್ಯಾಸೆಂಜರ್ ನ್ಯೂಟೌನ್‌ವರೆಗೆ ಮುಂದೆ ಹೋಗುವುದಿತ್ತು. ಇಂದೂ ಹಾಗೆಯೇ ಆಗಿದೆ, ಕೈಯಲ್ಲಿರುವುದು ನ್ಯೂಟೌನಿನ ಬಿಲ್ಲೆ ಎಂದೇ ಸ್ಟೇಷನ್ ಮಾಸ್ಟರ್ ತಿಳಿದರು. ಓದಲಿಲ್ಲ. ನೇರ ಎಂಜಿನ್ ಬಳಿ ಹೋಗಿ ಕೊಟ್ಟರು. ಎಂಜಿನ್‌ನಲ್ಲಿದ್ದವರೂ ಓದಲಿಲ್ಲ. ಎರಡು ನಿಮಿಷದ ಹಿಂದೆ ತಾವೇ ಕೊಟ್ಟ ಬಿಲ್ಲೆ ತಮ್ಮ ಕೈಗೇ ಮರಳಿ ಬಂದಿತ್ತು! ಸ್ಟೇಷನ್ ಮಾಸ್ಟರೇ ಬಿಲ್ಲೆ ತರುತ್ತಿರುವುದನ್ನು ಕಂಡ ಉಳಿದವರು, ಯೋಜನೆ ಬದಲಾಗಿರಬೇಕು ಎಂದುಕೊಂಡರು. ಸಿಗ್ನಲ್ ಸಿಕ್ಕಿತು. ರೈಲು ಹೊರಟಿತು.

ತಪ್ಪು ಗೊತ್ತಾದಾಗ ಹೊತ್ತು ಮೀರಿತ್ತು. ಹೊರಟ ರೈಲಿಗೆ ಸುದ್ದಿ ಮುಟ್ಟಿಸಲು ಆಗ ಫೋನಿಲ್ಲ, ವೈರ್‌ಲೆಸ್ ಇಲ್ಲ. ಸುಮಾರು ಒಂದು ಮೈಲಿ ಆಚೆ ಎರಡೂ ರೈಲುಗಳು ಎದುರುಬದುರಾದವು. ಎಕ್ಸ್‌ಪ್ರೆಸ್‌ನ ಡ್ರೈವರ್ ಎದುರಿನ ರೈಲನ್ನು ಕಂಡು ಬ್ರೇಕ್ ಹಾಕಿ, ಕೊನೆಯ ಕ್ಷಣದಲ್ಲಿ ಫೈರ್‌ಮನ್ ಜೊತೆ ಕೆಳಗೆ ಹಾರಿದ. ಇಬ್ಬರೂ ಗಾಯಗೊಂಡರೂ ಬದುಕಿದರು. ಪ್ಯಾಸೆಂಜರ್‌ನ ಡ್ರೈವರ್ ಮತ್ತು ಫೈರ್‌ಮನ್ ಸೇರಿ ಒಟ್ಟು 17 ಜನ ಸತ್ತರು. ಅವರಲ್ಲಿ ಅದೇ ರೈಲ್ವೆ ಕಂಪನಿಯ ನಿರ್ದೇಶಕರಾದ ಲಾರ್ಡ್ ಹರ್ಬರ್ಟ್ ವೇನ್-ಟೆಂಪೆಸ್ಟ್ ಕೂಡ ಒಬ್ಬರು.

ಈ ಕಥೆ ಹೇಳಿದಾಗ ಮಕ್ಕಳು ಸಾಮಾನ್ಯವಾಗಿ “ತಪ್ಪು ಯಾರದು?” ಎಂದು ಕೇಳುತ್ತಾರೆ. ಒಬ್ಬರ ಕಡೆ ಬೆರಳು ತೋರಿಸಿ ಮುಗಿಸಲು ನನಗೆ ಮನಸ್ಸು ಬರುವುದಿಲ್ಲ. ಆ ನಾಲ್ವರಲ್ಲಿ ಯಾರೂ ದುಷ್ಟರಲ್ಲ. ಎಲ್ಲರೂ ಕೆಲಸ ಮಾಡುತ್ತಲೇ ಇದ್ದರು. ಆದರೆ ಒಬ್ಬೊಬ್ಬರಿಗೂ ಗೊತ್ತಿದ್ದದ್ದು ಅರ್ಧ ಸಂಗತಿ. ಉಳಿದರ್ಧ ಇನ್ನೊಬ್ಬರಿಗೆ ಗೊತ್ತಿದೆ, ಅವರು ನೋಡಿಕೊಂಡಿರುತ್ತಾರೆ ಎಂದು ಪ್ರತಿಯೊಬ್ಬರೂ ಭಾವಿಸಿದರು. ಯಂತ್ರ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ನ್ಯೂಟೌನ್ ಹಳಿಗೆ ಅದು ಕೊಟ್ಟದ್ದು ಒಂದೇ ಬಿಲ್ಲೆ. ತಪ್ಪಾದ ಬಿಲ್ಲೆಯ ಮೇಲೂ ಅದು ಯಾವ ದಾರಿಯದು ಎಂದು ಸ್ಪಷ್ಟವಾಗಿ ಕೆತ್ತಿತ್ತು. ಕಣ್ಣು ಹಾಯಿಸಲು ಒಂದು ಕ್ಷಣ ಸಾಕಾಗಿತ್ತು.

ವಿಚಾರಣೆಯ ನಂತರ ಎಚ್ಚರಿಕೆಯ ಮಾತು ಹೇಳಿ ಸುಮ್ಮನಾಗಲಿಲ್ಲ. ಯಂತ್ರ ಸಿಗ್ನಲ್‌ಮನ್‌ನ ಕಣ್ಣೆದುರೇ ಇರಬೇಕು, ಆ ದಾರಿಯ ಬಿಲ್ಲೆ ಹೊರಬರದಿದ್ದರೆ ರೈಲು ಹೊರಡುವ ಸಿಗ್ನಲ್ಲೇ ಬೀಳದಂತೆ ಬೀಗದ ವ್ಯವಸ್ಥೆ ಇರಬೇಕು ಎಂಬ ಪಾಠ ಸಿಕ್ಕಿತು. ಮನುಷ್ಯ ಮರೆಯುತ್ತಾನೆ ಎಂಬುದನ್ನು ಮೊದಲೇ ಒಪ್ಪಿಕೊಂಡು ಮಾಡಿದ ಏರ್ಪಾಡು ಅದು. ಇಂದು ನಮ್ಮ ರೈಲುಗಳಲ್ಲಿ ಬರುತ್ತಿರುವ ‘ಕವಚ್’ ಕೂಡ ಇದೇ ದಾರಿಯ ಮುಂದಿನ ಹೆಜ್ಜೆ. ಡ್ರೈವರ್ ಕೆಂಪು ಸಿಗ್ನಲ್ ಗಮನಿಸದಿದ್ದರೆ ಅದು ತಾನೇ ಬ್ರೇಕ್ ಹಾಕುತ್ತದೆ.

ಹಾಗೆಂದು ಕಣ್ಣು ಮತ್ತು ಬಾಯಿಯ ಕೆಲಸ ಮುಗಿದಿಲ್ಲ. ನಮ್ಮ ರೈಲಿನ ಎಂಜಿನ್‌ನಲ್ಲಿ ಇಂದಿಗೂ ಲೋಕೋ ಪೈಲಟ್ ಮತ್ತು ಸಹಾಯಕ ಪ್ರತಿಯೊಂದು ಸಿಗ್ನಲ್ಲಿನ ಬಣ್ಣವನ್ನು ಒಬ್ಬರಿಗೊಬ್ಬರು ಗಟ್ಟಿಯಾಗಿ ಕೂಗಿ ಹೇಳುತ್ತಾರೆ. ಇಬ್ಬರಿಗೂ ಸಿಗ್ನಲ್ ಕಾಣುತ್ತಿರುತ್ತದೆ, ಆದರೂ ಹೇಳಲೇಬೇಕು. ಜಪಾನಿನ ರೈಲ್ವೆ ಸಿಬ್ಬಂದಿ ಇನ್ನೂ ಒಂದು ಹೆಜ್ಜೆ ಮುಂದೆ. ಸಿಗ್ನಲ್ಲಿನ ಕಡೆ ಬೆರಳು ತೋರಿಸಿ, ಬಾಯಿಬಿಟ್ಟು ಅದರ ಸ್ಥಿತಿಯನ್ನು ಹೇಳುತ್ತಾರೆ.

ಇದನ್ನು ನಮ್ಮ ಮನೆಯಲ್ಲೂ ಮಾಡಬಹುದು. ಅಜ್ಜಿಗೆ ಔಷಧಿ ಕೊಡುವ ಮುನ್ನ ಬಾಟಲಿಯ ಹೆಸರನ್ನು ಜೋರಾಗಿ ಓದಿ. ಅಮ್ಮ ಸ್ಟವ್ ಆರಿಸಿರುತ್ತಾರೆ ಎಂದು ಅಪ್ಪ, ಅಪ್ಪ ಆರಿಸಿರುತ್ತಾರೆ ಎಂದು ಅಮ್ಮ ಹೊರಡುವ ಮನೆಯಲ್ಲಿ, ನೀವು ಒಮ್ಮೆ ಒಳಗೆ ಹೋಗಿ ನೋಡಿ ಬನ್ನಿ. “ಸ್ಟವ್ ಆರಿದೆ” ಎಂದು ಗಟ್ಟಿಯಾಗಿ ಹೇಳಿ. ಯಾರಾದರೂ ನಕ್ಕರೆ ನಗಲಿ, ಬೀಗ ಹಾಕಲು ಆಮೇಲೆ ತಡವೇನಿಲ್ಲ.